ಗೋಡೆಯ ಮೇಲಿನ ಚರಿತ್ರೆ

ಹಳೆಯ ಸಿನಿಮಾ ಪೋಸ್ಟರುಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಹೆಸರಾಂತ ಚಿತ್ರಗಳಿಗಿಂತ, ಅಲ್ಪ ಬಂಡವಾಳದಲ್ಲಿ ತಯಾರಾಗಿ ವಾರದೊಳಗೆ ಮರೆಯಾದ ಚಿತ್ರಗಳ ಪೋಸ್ಟರುಗಳ ಮೇಲೆಯೇ ನನಗೆ ಮಮತೆ ಹೆಚ್ಚು. ಇದನ್ನು ಹುಚ್ಚೆಂದು ನಗುವವರೂ ಉಂಟು. ಆದರೆ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಮೊದಲ ಚಿತ್ರದ ಪಾಡೇ ಹೀಗಾದರೆ ಬಡ ಚಿತ್ರಗಳ ಗತಿಯೇನು? ಹಳೆಯ ಫಿಲ್ಮುಗಳು ಬೆಂಕಿಗೆ ಆಹುತಿಯಾದುವು. ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ಗೋಡೆಗೆ ಅಂಟಿಸಿದ ಪೋಸ್ಟರಾದರೋ ಮಳೆಯಲ್ಲಿ ತೋಯ್ದು ದನಗಳ ಪಾಲಾಗುತ್ತಿತ್ತು. ಅಂಟಿಸದೆ ಉಳಿದ ಒಂದು ಹಾಳೆ ದೊರೆತರೆ ಅದರಲ್ಲಿ ನಟರ, ತಂತ್ರಜ್ಞರ, ಮುದ್ರಣಾಲಯದ ಹೆಸರುಗಳು ಸಿಗುತ್ತವೆ. ಚಿತ್ರವೇ ಅಳಿದ ಮೇಲೆ, ಅವರು ದುಡಿದರೆಂಬುದಕ್ಕೆ ಅದೊಂದೇ ಸಾಕ್ಷಿ. ಆದುದರಿಂದಲೇ ಮಡಿಕೆಗಳಲ್ಲಿ ಹರಿದ ಹಾಳೆಯನ್ನೂ ನಾನು ಮೆಲ್ಲನೆ ಬಿಡಿಸಿ, ಹಿಂಬದಿಗೆ ತೆಳುಬಟ್ಟೆ ಅಂಟಿಸಿ ಇಡುತ್ತೇನೆ.