ತಂತಿಯ ಬೆಲೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಿಕ್ಷಣದ ಧ್ಯೇಯೋದ್ದೇಶಗಳನ್ನು ಕುರಿತು ಬರೆಯಬಲ್ಲವರು ಅನೇಕರಿರುವುದರಿಂದ, ನಾನು ಒಂದು ಅಲ್ಪವಸ್ತುವನ್ನು ಆರಿಸಿಕೊಂಡೆನು. ಅದು ತಂತಿ. ಸಂಗೀತ ಕೇಳುವ ಯಂತ್ರದ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ದನಿಯನ್ನು ವಿದ್ಯುತ್ತಿನ ರೂಪದಲ್ಲಿ ಒಯ್ಯುವ, ಮೇಜಿನ ಹಿಂದೆ ಧೂಳು ತಿನ್ನುತ್ತ ಬಿದ್ದಿರುವ ತಂತಿ. ಇದನ್ನು ಬದಲಿಸಿದರೆ ದನಿ ಬದಲಾಗುವುದೇ ಎಂಬ ಪ್ರಶ್ನೆ ಕೆಲವರಿಗೆ ಹುಡುಗಾಟಿಕೆಯೆನ್ನಿಸೀತು. ಕಳೆದ ವರ್ಷ ಇದೇ ಪ್ರಶ್ನೆಯನ್ನು ಹೊತ್ತು ಅಫಜಲಪುರದಿಂದ ಆಳಂದದ ನನ್ನ ಮನೆಗೆ ಬಂದ ಮಿತ್ರರಿಗೆ ಅದು ಹುಡುಗಾಟಿಕೆಯಾಗಿರಲಿಲ್ಲ.

ಅವರು ನಿವೃತ್ತ ಸರಕಾರಿ ನೌಕರರು. ಹುಟ್ಟಿದ ಊರು ಜೇವರ್ಗಿ. ಅವರ ತಂದೆಯವರು ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿ ಹಿಡಿದು ಹಾಡುತ್ತಿದ್ದ ಹಿರಿಯರು. (ಕಡಕೋಳವು ಆಗ ಜೇವರ್ಗಿ ತಾಲೂಕಿನಲ್ಲಿಯೇ ಇತ್ತು, ಈಗ ಯಡ್ರಾಮಿ ತಾಲೂಕಿಗೆ ಸೇರಿದೆ.) 1984ರಲ್ಲಿ ಜೇವರ್ಗಿಯ ಮನೆಯ ಪಡಸಾಲೆಯಲ್ಲಿ ಯಾರೋ ಒಂದು ಟೂ-ಇನ್-ಒನ್ ಯಂತ್ರವಿಟ್ಟು ಆ ಹಾಡನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಹಿರಿಯರು ಲಿಂಗೈಕ್ಯರಾಗಿ ಬಹುಕಾಲ ಸಂದಿದೆ. ಅವರ ದನಿಯೆಂದು ಜಗತ್ತಿನಲ್ಲಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟು. ಅದನ್ನು ಹಾಕಿದರೆ ಕೌದಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿತ್ತು. ಶಬ್ದವಿದೆ, ಮಾತು ತಿಳಿಯದು.

ನಗರದ ಅಂಗಡಿಯೊಂದರಲ್ಲಿ ಮಿತ್ರರಿಗೆ ಒಂದು ಉಪಾಯ ಸೂಚಿಸಲ್ಪಟ್ಟಿತು. ದೋಷವು ತಂತಿಯಲ್ಲಿದೆ, ಬೆಳ್ಳಿಯ ಲೇಪವುಳ್ಳ ಈ ತಂತಿಯನ್ನು ಹಾಕಿದರೆ ಹಳೆಯ ಧ್ವನಿಮುದ್ರಣಗಳೆಲ್ಲ ಕಣ್ತೆರೆಯುತ್ತವೆ! ಮಂಡಿಯಲ್ಲಿ ಐದಾರು ಕ್ವಿಂಟಲ್ ತೊಗರಿ ತೂಗಿಸಿದರೆ ಬರುವಷ್ಟು ಹಣವನ್ನು ತೆತ್ತು ಅವರು ಒಂದು ಮೀಟರಿನ ಒಂದು ಜೊತೆಯನ್ನು ತಂದಿದ್ದರು. ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ಮರಳಿಸಬಹುದು. ಒಪ್ಪಿಗೆಯಾದರೆ ಸ್ಪೀಕರುಗಳಿಗೂ ಅದೇ ಜಾತಿಯ ತಂತಿ, ನಾಲ್ಕು ಪಟ್ಟು ಬೆಲೆಯದು. ನಿವೃತ್ತಿಯ ಗಂಟಿನಿಂದಲೇ ಅದಕ್ಕೂ ಹಣ ತೆಗೆಯುವ ಮನಸ್ಸಾಗಿತ್ತು.

“ಮಾಸ್ತರ, ಇದು ಹಾಕಿದ ಮ್ಯಾಲ ಮನ್ಸೂರವರ ದನಿ ಬಿಚ್ಚ್ಯಾದ. ಅಪ್ಪಾಜಿ ದನಿ ಮಾತ್ರ ಇನ್ನಾ ಬಿಚ್ಚಿಲ್ಲ. ಸ್ಪೀಕರಿನ ವಾಯರೂ ಬದಲ್ ಮಾಡಿದ್ರ ಬಿಚ್ಚತದೇನು, ನೀವ ಹೇಳ್ರಿ” ಎಂದರು.

ತಂತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದವರಲ್ಲಿ ಅಗ್ರಗಣ್ಯನು ನಮ್ಮಂತೆಯೇ ಒಬ್ಬ ಶಾಲಾ ಮಾಸ್ತರನೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ಗೆಯೋರ್ಗ್ ಓಮ್ ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಬೀಗ ಮಾಡುವವನೊಬ್ಬನ ಮಗನಾಗಿ 1789ರಲ್ಲಿ ಹುಟ್ಟಿದನು. ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಕಲಿಸುತ್ತಿದ್ದಾಗ, ಉದ್ದ ಬೇರೆ, ದಪ್ಪ ಬೇರೆ, ಲೋಹ ಬೇರೆಯಾದ ತಂತಿಗಳಲ್ಲಿ ವಿದ್ಯುತ್ತು ಹೇಗೆ ಹರಿಯುವುದೆಂದು ಅಳೆದು, 1827ರಲ್ಲಿ ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಸ್ವದೇಶದ ಪಂಡಿತರು ಅದಕ್ಕೆ ಕಿಮ್ಮತ್ತು ಕೊಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಗೌರವಿಸಿದ್ದು 1841ರಲ್ಲಿ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ರೋಧ ಕಡಿಮೆ. ಇಷ್ಟನ್ನು ಇಟ್ಟುಕೊಂಡರೆ ನಮ್ಮ ಮಿತ್ರರ ಪ್ರಶ್ನೆಯ ಬಹುಭಾಗ ಕಾಗದದ ಮೇಲೆಯೇ ಬಗೆಹರಿಯುತ್ತದೆ.

ಅವರನ್ನು ವಿಚಾರಿಸಿದಾಗ, ಸ್ಪೀಕರುಗಳನ್ನು ಕೋಣೆಯಿಂದ ಪಡಸಾಲೆಗೆ ಒಯ್ಯಲು ಕರೆಗಂಟೆಗೆ ಬಳಸುವ ಸಪೂರ ತಂತಿಯನ್ನು 15 ಮೀಟರು ಎಳೆದಿದ್ದರೆಂದು ತಿಳಿಯಿತು. ಹೋಗಿ ಬರುವ ದಾರಿ ಸೇರಿ 30 ಮೀಟರು. ಅಡ್ಡಕೊಯ್ತ 0.2 ಚದರ ಮಿಲಿಮೀಟರ್ ಇರುವ ತಾಮ್ರದ ತಂತಿಯು ಆ ಉದ್ದಕ್ಕೆ ಸುಮಾರು 2.6 ಓಮ್ ರೋಧವನ್ನೊಡ್ಡುತ್ತದೆ. ಸ್ಪೀಕರಿನದು 8 ಓಮ್. ಎಂದರೆ ವೋಲ್ಟೇಜಿನ ಕಾಲುಭಾಗದಷ್ಟು ದಾರಿಯಲ್ಲಿಯೇ ಖರ್ಚು. ಮೇಲಾಗಿ ಸ್ಪೀಕರಿನ ತಡೆ ಎಲ್ಲ ಸ್ವರಗಳಿಗೂ ಒಂದೇ ಅಲ್ಲವಾದ್ದರಿಂದ ಕೆಲವು ಸ್ವರ ಹೆಚ್ಚು, ಕೆಲವು ಕಡಿಮೆ ಸೊರಗುತ್ತವೆ. ಇದು ಕಿವಿಗೆ ಗೊತ್ತಾಗುವ ಭೇದವೇ ಸರಿ. ಅದೇ ದೂರಕ್ಕೆ ಮನೆಯ ವಯರಿಂಗಿಗೆ ಹಾಕುವ 2.5 ಚದರ ಮಿಲಿಮೀಟರಿನ ತಂತಿಯಾದರೆ ರೋಧ ಸುಮಾರು 0.2 ಓಮ್, ನಷ್ಟ ನೂರಕ್ಕೆ ಮೂರು ಪಾಲಿಗಿಂತ ಕಡಿಮೆ. ಅದರಾಚೆ ಬೆಳ್ಳಿಯನ್ನೇ ಎರೆದರೂ ಉಳಿತಾಯವಾಗುವುದು ಆ ಮೂರು ಪಾಲಿನೊಳಗಿನ ಚೂರು.

ಲೆಕ್ಕಕ್ಕೆ ತಲೆಬಾಗುವವರು ಕಡಿಮೆ. ಕಿವಿಗೆ ಕೇಳಿದ್ದನ್ನು ಕಾಗದ ಅಲ್ಲಗಳೆಯುವುದೇ ಎಂದು ಮಿತ್ರರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದ್ದರಿಂದ ಕಿವಿಯನ್ನೇ ಸಾಕ್ಷಿಗೆ ಕರೆದೆವು. ನಡುಮನೆಯಲ್ಲಿ ಪರದೆ ಕಟ್ಟಿ, ಹಿಂದೆ ನನ್ನ ಸೋದರಳಿಯನನ್ನು ಕೂರಿಸಿದೆ. ಅವನು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಬೆಳ್ಳಿಯ ತಂತಿಯನ್ನಾಗಲಿ ನನ್ನ ಹಳೆಯ ಸಾದಾ ತಂತಿಯನ್ನಾಗಲಿ ಜೋಡಿಸಬೇಕು, ಮಾತಾಡಬಾರದು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಹಚ್ಚಿ, ಮಿತ್ರರು ತಮ್ಮ ತೀರ್ಮಾನವನ್ನು ಚೀಟಿಯಲ್ಲಿ ಬರೆಯಬೇಕು. ಗಟ್ಟಿತನದಲ್ಲಿ ಎರಡೂ ಸಮನಾಗಿರಬೇಕೆಂಬುದು ಮುಖ್ಯ. ತುಸು ಗಟ್ಟಿಯಾದದ್ದು ‘ಗಟ್ಟಿ’ ಎನಿಸದೆ ‘ಚಂದ’ ಎನಿಸುವುದು ಕಿವಿಯ ಸ್ವಭಾವ.

ಸಂಜೆಯವರೆಗೆ ನಡೆಯಿತು. ಚೀಟಿಗಳನ್ನು ತಾಳೆ ನೋಡಿದರೆ ಸರಿ ಮತ್ತು ತಪ್ಪು ಅರ್ಧರ್ಧ. ನಾಣ್ಯವೇ ಉತ್ತರ ಬರೆದಿದ್ದರೂ ಹಾಗೆಯೇ ಆಗುತ್ತಿತ್ತು. ಬಳಿಕ ಸ್ಪೀಕರಿನ ಹಾದಿಯಲ್ಲಿ ಕರೆಗಂಟೆಯ ಉದ್ದ ತಂತಿಯನ್ನು ಸೇರಿಸಿದಾಗ ಮಾತ್ರ ಪ್ರತಿ ಸಲವೂ ಸರಿಯಾಗಿ ಗುರುತಿಸಿದರು. ಅವರ ಕಿವಿ ನೆಟ್ಟಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಡ. ಮನೆಯಲ್ಲಿ ದನಿ ‘ಬಿಚ್ಚಿ’ ಕೇಳಿದ್ದು ಸುಳ್ಳು ಎನ್ನಲಾರೆ. ಅಷ್ಟು ಹಣ ತೆತ್ತವನು ಅಷ್ಟೇ ಲಕ್ಷ್ಯವಿಟ್ಟು ಕೇಳುತ್ತಾನೆ, ಲಕ್ಷ್ಯವಿಟ್ಟು ಕೇಳಿದರೆ ಹಿಂದೆ ಕೇಳದ್ದು ಕೇಳುತ್ತದೆ. 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿಯು, 7,250 ಡಾಲರು ಬೆಲೆಯ ಸ್ಪೀಕರ್ ತಂತಿಯನ್ನು ಸಾಧಾರಣ ತಂತಿಯಿಂದ ಕಣ್ಣಿಂದ ನೋಡದೆ ಬೇರ್ಪಡಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರು ಕೊಡುವೆನೆಂದು ಸಾರಿದ್ದನು. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ. ನಮ್ಮ ಆಳಂದದಲ್ಲಿ ಒಂದು ಪರದೆ ಮತ್ತು ಚಹದ ಖರ್ಚಿನಲ್ಲಿ ನಡೆಯಿತು.

ತಂತಿಗಳೆಲ್ಲ ಒಂದೇ ಎಂದು ಇದರಿಂದ ತಿಳಿಯಬಾರದು. ಹೊರಹೆಣಿಗೆಯ ಕವಚ ಕಿತ್ತುಹೋದ ತಂತಿಯು ಮನೆಯ ಕರೆಂಟಿನ 50 ಆವರ್ತದ ಗುಂಯ್‌ಗುಡುವಿಕೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗ್ರಾಮೊಫೋನ್ ತಟ್ಟೆಯ ಅಯಸ್ಕಾಂತದ ಪಿಕಪ್ಪಿಗೆ ಹಚ್ಚಿದ ತಂತಿಯ ಧಾರಕತ್ವವು ತಾರಸ್ವರಗಳನ್ನು ಏರುಪೇರು ಮಾಡಬಲ್ಲದು. ಪ್ಲಗ್ಗಿಗೆ ಕಿಲುಬು ಹಿಡಿದರಂತೂ ಒಂದು ಬದಿಯ ದನಿ ಬಂದು ಹೋಗುತ್ತಿರುತ್ತದೆ. ಇವೆಲ್ಲ ಬೆಲೆಯ ದೋಷಗಳಲ್ಲ.

ಪರೀಕ್ಷೆಯ ತರುವಾಯ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಹಣದ ಚಿಂತೆಯಿರಲಾರದು. ತಂತಿಯಿಂದ ಆಗದಿದ್ದರೆ ತಂದೆಯ ದನಿ ಇನ್ನು ಯಾವುದರಿಂದಲೂ ಆಗದೆಂಬ ಭಾವ ಆ ಮುಖದಲ್ಲಿ ಕಂಡಿತು. ಆ ಕ್ಯಾಸೆಟ್ಟನ್ನು ತುಂಬಿದವರಾರೆಂದು ಕೇಳಿದೆ. ಜೇವರ್ಗಿಯ ಮೈಕ್ ಸೆಟ್ಟಿನವರೊಬ್ಬರು, ಇನ್ನೂ ಇದ್ದಾರೆ ಎಂದರು. ಮರುದಿನವೇ ಕಲಬುರಗಿಯ ಮೇಲೆ ಹಾಯ್ದು, ಭೀಮೆಯನ್ನು ದಾಟಿ ಜೇವರ್ಗಿಗೆ ಹೋದೆವು.

ಆ ಹಿರಿಯರು ಜಾತ್ರೆ, ಮದುವೆ, ಪುರಾಣಗಳಿಗೆ ಹಾರನ್ನು ಕಟ್ಟಿ ಆಯುಷ್ಯ ಸವೆಸಿದವರು. ಬೆಳ್ಳಿಯ ತಂತಿಯನ್ನು ಕೈಯಲ್ಲಿ ಹಿಡಿದು ನಕ್ಕರು. ಜಾತ್ರೆಯ ಬಯಲಿನಲ್ಲಿ ಅವರು ಎಳೆಯುವ ತಂತಿ ಬಹುದೂರದ್ದು. ಅಷ್ಟು ಸಪೂರ ತಂತಿಯಲ್ಲಿ ದನಿ ಹೇಗೆ ತಲುಪುವುದೆಂದರೆ, ಆಂಪ್ಲಿಫಾಯರಿನಿಂದ 100 ವೋಲ್ಟಿನ ಲೈನಿನಲ್ಲಿ ಕಳಿಸಿ ಹಾರನ್ನಿನ ಬಳಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತಾರೆ. ವೋಲ್ಟೇಜು ಏರಿದರೆ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದರೆ ತಂತಿಯಲ್ಲಿನ ನಷ್ಟವೂ ಇಳಿಯುತ್ತದೆ. “ವಾಯರಿನ ಬಣ್ಣ ನೋಡಿ ರೊಕ್ಕ ಕೊಡಬ್ಯಾಡ್ರಿ ಸರ, ಬ್ಲೇಡಿನಿಂದ ಕೆರೆದು ನೋಡ್ರಿ” ಎಂದು ತುಂಡೊಂದನ್ನು ಕೆರೆದು ತೋರಿಸಿದರು. ಮೇಲೆ ತಾಮ್ರದ ಕೆಂಪು, ಒಳಗೆ ಅಲ್ಯುಮಿನಿಯಮ್ಮಿನ ಬಿಳುಪು. ಅಲ್ಯುಮಿನಿಯಮ್ಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಮಿಗಿಲು.

ಕ್ಯಾಸೆಟ್ಟಿನ ಮಾತು ತೆಗೆದೊಡನೆ, “ಆ ಮಷೀನಿನ ಹೆಡ್ ಮೊದಲೇ ವಾರಿ ಇತ್ತು” ಎಂದರು.

ಆ ಒಂದು ಮಾತಿಗಾಗಿ ಜೇವರ್ಗಿಯವರೆಗೆ ಹೋದದ್ದು ಸಾರ್ಥಕವಾಯಿತು. ಟೇಪನ್ನು ತುಂಬುವ ಹೆಡ್ಡಿನ ಬಿರುಕು ಟೇಪಿಗೆ ನೆಟ್ಟಗೆ ಅಡ್ಡವಾಗಿರಬೇಕು. ಅದು ವಾರೆಯಾಗಿದ್ದರೆ ದನಿಯೂ ವಾರೆಯಾಗಿಯೇ ಬರೆಯಲ್ಪಡುತ್ತದೆ. ನೆಟ್ಟಗಿರುವ ಇನ್ನೊಂದು ಯಂತ್ರದಲ್ಲಿ ಓದಿಸಿದಾಗ ತಾರಸ್ವರಗಳು ಅಳಿಸಿಹೋಗುತ್ತವೆ. ವ್ಯಂಜನಗಳ ಸ್ಪಷ್ಟತೆಯಿರುವುದು ಆ ಸ್ವರಗಳಲ್ಲಿಯೇ. ಆಳಂದಕ್ಕೆ ಮರಳಿ, ನನ್ನ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಪಕ್ಕದ ಚಿಕ್ಕ ತಿರುಪನ್ನು ಟೇಪು ಓಡುತ್ತಿರುವಂತೆಯೇ ಕೂದಲೆಳೆಯಷ್ಟು ತಿರುವುತ್ತ ಹೋದೆ. ಕಾಲು ಸುತ್ತೂ ಆಗಿರಲಿಲ್ಲ. ಮೊದಲು ಏಕತಾರಿಯ ಝೇಂಕಾರ ಹೊರಬಂತು, ಆಮೇಲೆ ಮಾತು. ಪದದ ನಡುವೆ ಹಿರಿಯರು ಕೆಮ್ಮಿ, ನೀರು ಕೊಡಿರೆಂದು ಯಾರನ್ನೋ ಕೇಳಿದ್ದು ಕೂಡ ಕೇಳಿಸಿತು. ಮಿತ್ರರು ತಟ್ಟನೆ ಎದ್ದು ನಿಂತರು. “ಅವ್ವಗ ಕರದಾರ” ಎಂದರು.

ಅಂದು ರಾತ್ರಿಯೇ ಆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ ಮೂರು ಪ್ರತಿ ಮಾಡಿದೆವು. ಜೋಡಿಸಿದ್ದು ನನ್ನ ಸಾದಾ ತಂತಿಯನ್ನೇ. ತಿರುಪನ್ನು ಮೊದಲಿನ ಜಾಗಕ್ಕೆ ತಂದೆ, ಇಲ್ಲವಾದರೆ ನನ್ನ ಉಳಿದ ಕ್ಯಾಸೆಟ್ಟುಗಳೆಲ್ಲ ಕೌದಿ ಹೊದೆಯುತ್ತಿದ್ದವು. ಹದಿನೈದು ದಿನದ ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಬೆಳ್ಳಿಯ ತಂತಿಯನ್ನು ಅದರ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ಆಳಂದದ ಪೇಟೆಯಲ್ಲಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯ ಒಂದು ಸುರುಳಿ ಕೊಂಡು, ಅಂಗಡಿಯಲ್ಲಿಯೇ ತುದಿಯನ್ನು ಬ್ಲೇಡಿನಿಂದ ಕೆರೆಸಿ ನೋಡಿ, ಮಿತ್ರರು ಅಫಜಲಪುರದ ಬಸ್ಸು ಹತ್ತಿದರು.