ಮೂವತ್ತೆರಡೋ ಮೂವತ್ತಾರೋ

ಬಿಕ್ಕೋಡಿನ ಕಡೆ ತೋಟ ಇರುವವರು ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ನೋಡುತ್ತಾರೆ. ಆನೆಗಳು ರಾತ್ರಿ ಯಾವ ತೋಟಕ್ಕೆ ಇಳಿದಿವೆ ಎಂಬ ಸಂದೇಶ ಬಂದಿರುತ್ತದೆ. ಆಳುಗಳನ್ನು ಯಾವ ಪಟ್ಟೆಗೆ ಕಳಿಸಬೇಕು ಎಂಬುದು ತೀರ್ಮಾನವಾಗುವುದು ಅದನ್ನು ಓದಿದ ಮೇಲೆಯೇ. ಇವತ್ತು ಆ ಸಂದೇಶದ ಕೆಳಗೆ ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಎರಡು ಹಾಯಿದೋಣಿಗಳ ಫೋಟೋ ಕಳಿಸಿದ್ದ. ಒಂದು ಕಾಂಟೆಸ್ಸಾ 32, ಇನ್ನೊಂದು ರಸ್ಲರ್ 36. ಎರಡೂ ಸೆಕೆಂಡ್ ಹ್ಯಾಂಡ್. ಸಂಖ್ಯೆ ಹೇಳುವುದು ಉದ್ದವನ್ನು, ಅಡಿಗಳಲ್ಲಿ. ‘ಮಾವ, ಯಾವುದು ತಗೊಳ್ಳಲಿ? ನಾವಿಬ್ಬರೇ ಓಡಿಸೋದು’ ಎಂದು ಬರೆದಿದ್ದ.

ಬೋರ್ಡೋ ದ್ರಾವಣ ಹೊಡೆಯಲು ಸ್ಪ್ರೇಯರ್ ಕೇಳಿಕೊಂಡು ಬಂದಿದ್ದ ಪಕ್ಕದ ತೋಟದವರು ಫೋಟೋ ನೋಡಿದರು. ‘ತಗೊಳ್ಳೋದೇ ಆದ್ರೆ ದೊಡ್ಡದೇ ತಗೊಳ್ಳಲಿ ಬಿಡಿ. ನಾಳೆ ನೆಂಟರು ಇಷ್ಟರು ಬಂದ್ರೆ?’ ಎಂದರು. ಒಳ್ಳೆಯ ಮನುಷ್ಯರು, ಮಾತಿನಲ್ಲಿ ಕೇಡೇನೂ ಇಲ್ಲ. ಆದರೂ ಆ ‘ನೆಂಟರು ಬಂದ್ರೆ’ ಎಂಬ ಮಾತು ಬೆಳಿಗ್ಗೆಯಿಂದ ಚುಚ್ಚುತ್ತಲೇ ಇದೆ. ಸಮುದ್ರದ ನಡುವೆ ಯಾವ ನೆಂಟರು?

ದೊಡ್ಡದರಲ್ಲಿ ಜಾಗ ಹೆಚ್ಚು, ಸಣ್ಣದಕ್ಕೆ ಖರ್ಚು ಕಡಿಮೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿ ಬಂದರಿನಲ್ಲಿ ದೋಣಿ ಕಟ್ಟಲು ಬಾಡಿಗೆಯನ್ನು ಉದ್ದ ಅಳೆದೇ ಹಾಕುತ್ತಾರೆ, ಬಣ್ಣದ ಡಬ್ಬಗಳೂ ಉದ್ದಕ್ಕೆ ತಕ್ಕಂತೆ ಖಾಲಿಯಾಗುತ್ತವೆ. ಅದು ಹೇಗೋ ನಡೆಯುತ್ತದೆ. ನನ್ನನ್ನು ಕಾಡುವುದು ನೆಂಟರಿಗಾಗಿ ಕೊಳ್ಳುವ ನಮ್ಮ ಅಭ್ಯಾಸ.

ನಮ್ಮ ಹೋಬಳಿಯ ಹಳೇ ಮನೆಗಳನ್ನು ಒಮ್ಮೆ ಸುತ್ತಿ ನೋಡಿ. ಮದುವೆಯ ದಿನ, ತಿಥಿಯ ದಿನ, ಸುಗ್ಗಿಯ ದಿನ ಎಷ್ಟು ಎಲೆ ಹಾಕಬೇಕಾದೀತು ಎಂದು ಎಣಿಸಿ ಕಟ್ಟಿದ ಮನೆಗಳು ಅವು. ಮಿಕ್ಕ ದಿನಗಳ ಲೆಕ್ಕವನ್ನು ಯಾರೂ ಹಾಕಲಿಲ್ಲ. ತುಂಬಿದ ಸಂಸಾರ ಇದ್ದಾಗ, ಕರೆದರೆ ಆಳು ಬರುತ್ತಿದ್ದಾಗ ಅದು ಸರಿಯಾಗಿಯೇ ಇತ್ತು. ಈಗ ಮಕ್ಕಳು ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಇದ್ದಾರೆ, ಮನೆಯಲ್ಲಿ ಇಬ್ಬರೇ ಮುದುಕರು. ಪಡಸಾಲೆಯಾಚೆಯ ಕೋಣೆಗೆ ಬೀಗ. ಅದನ್ನು ತೆಗೆದರೆ ಹಳೇ ಮೆಣಸಿನ ಘಾಟು, ಬಾವಲಿಯ ವಾಸನೆ. ಬಾಗಿಲ ಚೌಕಟ್ಟಿನ ಬುಡಕ್ಕೆ ಬೆರಳು ಒತ್ತಿದರೆ ಮರ ಒಳಕ್ಕೆ ಹೋಗುತ್ತದೆ, ಗೆದ್ದಲು ಹೊಟ್ಟೆಯನ್ನೆಲ್ಲ ತಿಂದು ಬಣ್ಣದ ತೊಗಟೆಯನ್ನು ಮಾತ್ರ ಉಳಿಸಿರುತ್ತದೆ. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಹಂಚು ಕೈಯಾಡಿಸುವವರು ಸಿಗುವುದಿಲ್ಲ. ಒಂದು ಹಂಚು ಸರಿದರೆ ಆಷಾಢ ಮುಗಿಯುವುದರೊಳಗೆ ಒಂದು ಗೋಡೆಯೇ ಕೂರುತ್ತದೆ. ನೆಂಟರು ಬರುವುದು ವರ್ಷಕ್ಕೊಮ್ಮೆ. ಅವರೂ ಈಗ ಹೋಂಸ್ಟೇ ಹುಡುಕಿಕೊಳ್ಳುತ್ತಾರೆ.

ಇದನ್ನೆಲ್ಲ ಸಿಟ್ಟಿನಿಂದ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ. ಕೈಗೆ ಮೀರಿದ ಮನೆಯನ್ನು ಹಿಡಿದುಕೊಂಡೇ ಅರ್ಧ ಆಯುಸ್ಸು ಕಳೆದವರನ್ನು ಕಣ್ಣಾರೆ ಕಂಡಿದ್ದೇನೆ. ತಂಗಿಯ ಮಗ ನೀರಿನ ಮೇಲೆ ಅಂಥದೇ ಒಂದು ಮನೆ ಮಾಡಿಕೊಳ್ಳುವುದು ನನಗೆ ಬೇಡ.

ಎರಡು ದೋಣಿಗಳ ಲೆಕ್ಕವನ್ನೇ ನೋಡೋಣ. ಹಾಯಿದೋಣಿಯ ವೇಗಕ್ಕೆ ನೀರನ್ನು ಮುಟ್ಟಿರುವ ಉದ್ದವೇ ಮಿತಿ. ಅಡಿಗಳಲ್ಲಿ ಅಳೆದ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಂದಾಜು ಗರಿಷ್ಠ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಕಾಂಟೆಸ್ಸಾ ನೀರಿನಲ್ಲಿ ಸುಮಾರು 24 ಅಡಿ, ರಸ್ಲರ್ ಸುಮಾರು 27 ಅಡಿ. ಮೊದಲನೆಯದಕ್ಕೆ ಆರೂವರೆ ನಾಟ್, ಎರಡನೆಯದಕ್ಕೆ ಏಳು. ಹಗಲೂ ರಾತ್ರಿ ಒಂದೇ ಸಮನೆ ಆ ವೇಗದಲ್ಲೇ ಓಡಿದರೂ ದೊಡ್ಡ ದೋಣಿ ದಿನಕ್ಕೆ ಹತ್ತು ಹನ್ನೆರಡು ನಾಟಿಕಲ್ ಮೈಲಿ ಮುಂದಿರುತ್ತದೆ, ಅಷ್ಟೇ. ತೂಕ ಮಾತ್ರ ಸುಮಾರು 4.3 ಟನ್‌ನಿಂದ 7.6 ಟನ್‌ಗೆ ಏರುತ್ತದೆ. ಉದ್ದ ಎಂಟನೇ ಒಂದು ಪಾಲು ಹೆಚ್ಚಿತು, ತೂಕ ಮುಕ್ಕಾಲು ಪಾಲು ಹೆಚ್ಚಿತು. ಹಾಯಿಯ ಬಟ್ಟೆ, ಎಳೆಯುವ ಹುರಿ, ಎತ್ತುವ ಲಂಗರು ಎಲ್ಲವೂ ಆ ತೂಕದ ಹಿಂದೆಯೇ ಬೆಳೆಯುತ್ತವೆ. ಎಳೆಯುವ ಕೈಗಳು ಮಾತ್ರ ನಾಲ್ಕೇ. ಒಬ್ಬರು ಮಲಗಿದ್ದರೆ ಎರಡೇ.

ದೊಡ್ಡದು ಸಮುದ್ರದಲ್ಲಿ ಭದ್ರ ಅಲ್ಲವೇ ಎಂದು ಕೇಳುತ್ತಾರೆ. ಭಾರದ ದೋಣಿ ಅಲೆಯಲ್ಲಿ ಕಡಿಮೆ ಕುಲುಕುತ್ತದೆ, ನಿಜ. ಆದರೆ 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಕಡೆಯ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ಓಟದಲ್ಲಿ ಬಿರುಗಾಳಿ ಎದ್ದಿತು. ಹೊರಟ ದೋಣಿಗಳು 303, ಓಟ ಮುಗಿಸಿದವು 86. ಸ್ಪರ್ಧೆಯಲ್ಲಿದ್ದ 15 ಜನ ನಾವಿಕರು ಸತ್ತರು. ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು, ಅಸೆಂಟ್ ಎಂಬ ಹೆಸರಿನದು. ಅದು ಕಾಂಟೆಸ್ಸಾ 32. ತಂಗಿಯ ಮಗ ಕಳಿಸಿದ ಮೊದಲ ಫೋಟೋದ ದೋಣಿ ಅದೇ ಜಾತಿಯದು. ಇದನ್ನು ಓದಿದ ಮೇಲೆ ಆ ಫೋಟೋವನ್ನು ದೊಡ್ಡದು ಮಾಡಿಕೊಂಡು ಮತ್ತೆ ನೋಡಿದೆ. ನೀರಿಗೆ ಹತ್ತಿರ ಬಗ್ಗಿದ ಮೈ, ಕಿರಿದಾದ ಹಿಂಭಾಗ, ಒಳಗೆ ತಲೆ ತಗ್ಗಿಸಿ ಓಡಾಡಬೇಕಾದ ಕೋಣೆ. ಎಲ್ಲೂ ಡೌಲಿಲ್ಲ.

ಸುಹೈಲಿಯ ಕಥೆಯೂ ಇದೆ, ಅದು ನಮಗೆ ಇನ್ನೂ ಹತ್ತಿರದ್ದು. ಒಬ್ಬನೇ, ಎಲ್ಲೂ ನಿಲ್ಲದೆ, ಜಗತ್ತನ್ನು ಸುತ್ತಿ ಬಂದ ಮೊದಲ ಮನುಷ್ಯ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರ ಜೂನ್‌ನಲ್ಲಿ ಹೊರಟು 1969ರ ಏಪ್ರಿಲ್‌ನಲ್ಲಿ ಮುಟ್ಟಿದ. ಗೋಲ್ಡನ್ ಗ್ಲೋಬ್ ಎಂಬ ಆ ಓಟಕ್ಕೆ ಇಳಿದ ಒಂಬತ್ತು ಜನರಲ್ಲಿ ಮುಗಿಸಿದವನು ಅವನೊಬ್ಬನೇ. ಅವನ ಸುಹೈಲಿ 32 ಅಡಿಯ ತೇಗದ ದೋಣಿ, ಮುಂಬೈಯಲ್ಲಿ ನಮ್ಮ ಬಡಗಿಗಳು ಕಟ್ಟಿದ್ದು. ಅವನಿಗೂ ಓಟಕ್ಕೆ 53 ಅಡಿಯ ಹೊಸ ಉಕ್ಕಿನ ದೋಣಿ ಬೇಕಿತ್ತು, ನಕ್ಷೆಯನ್ನೂ ಮಾಡಿಸಿದ್ದ. ದುಡ್ಡು ಹುಟ್ಟಲಿಲ್ಲ. ಇದ್ದ ಹಳೆಯದನ್ನೇ ಏರಿ ಹೊರಟ. ದುಡ್ಡು ಹುಟ್ಟಿದ್ದರೆ ಅವನು ಗೆಲ್ಲುತ್ತಿದ್ದನೋ ಇಲ್ಲವೋ ಹೇಳಲಾಗದು. ಆದರೆ ಆ ತೇಗದ ದೋಣಿಯ ಒಂದೊಂದು ಹಗ್ಗದ ಗುಣವೂ ಅವನ ಕೈಗೆ ಗೊತ್ತಿತ್ತು. ಈಗ ಆ ಓಟದ ನೆನಪಿನಲ್ಲಿ ಗೋಲ್ಡನ್ ಗ್ಲೋಬ್ ರೇಸ್ ನಡೆಸುವವರು 32ರಿಂದ 36 ಅಡಿಯ ಹಳೇ ಮಾದರಿಯ ದೋಣಿಗಳನ್ನು ಮಾತ್ರ ಬಿಡುತ್ತಾರೆ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2018ರಲ್ಲಿ ಸುಹೈಲಿಯದೇ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ ತುರಿಯಾದಲ್ಲಿ ಹೋಗಿ, ಕೂವೆಮರ ಮುರಿದು, ಬೆನ್ನು ಮುರಿದುಕೊಂಡು, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಸಾವಿನ ಬಾಯಿಂದ ಬಂದವರು. ಅವರೇ ಮುಂದಿನ ಓಟಕ್ಕೆ ಮತ್ತೆ ಹೊರಟು 2023ರಲ್ಲಿ ಎರಡನೆಯವರಾಗಿ ಮುಟ್ಟಿದರು. ಆಗ ಏರಿದ್ದು ರಸ್ಲರ್ 36, ಅಂದರೆ ಎರಡನೆಯ ಫೋಟೋದ ಜಾತಿ. ಹೀಗಾಗಿ ಹುಡುಗ ಕಳಿಸಿದ ಎರಡರಲ್ಲಿ ಯಾವುದನ್ನೂ ತೆಗೆದುಹಾಕುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಎಂದು ಮೂಗು ಮುರಿಯುವವರಿಗೆ ತೃಷ್ಣಾದ ಹೆಸರು ಹೇಳಬೇಕು. 37 ಅಡಿಯ ಆ ದೋಣಿಯನ್ನು ನಮ್ಮ ಸೇನೆಯ ಎಂಜಿನಿಯರ್‌ಗಳು ಇಂಗ್ಲೆಂಡಿನಲ್ಲಿ ಹಳೆಯದಾಗಿಯೇ ಕೊಂಡರು. 1985ರಲ್ಲಿ ಹೊರಟು 1987ರ ಜನವರಿಯಲ್ಲಿ ಮುಂಬೈಗೆ ಮರಳಿದ ಅದೇ ದೋಣಿ ಹಾಯಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ತಂಡವನ್ನು ಹೊತ್ತದ್ದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಹುಡುಗರು ಹಾಯಿ ಕಲಿಯುವ ಕ್ಲಬ್ಬಿಗೂ ತೃಷ್ಣಾ ಎಂದೇ ಹೆಸರು.

ದೋಣಿ, ಅಳತೆ ಎಂದು ಯೋಚಿಸುತ್ತಿದ್ದಾಗ ಮನುವಿನ ಮೀನು ನೆನಪಾಯಿತು. ಶತಪಥ ಬ್ರಾಹ್ಮಣದ ಕಥೆ. ಕೈತೊಳೆಯುವ ನೀರಿನಲ್ಲಿ ಬಂದ ಪುಟ್ಟ ಮೀನು ತನ್ನನ್ನು ಸಾಕು ಎನ್ನುತ್ತದೆ. ಕೊಡದಲ್ಲಿ ಹಿಡಿಸದಷ್ಟು ಬೆಳೆಯುತ್ತದೆ, ಹೊಂಡಕ್ಕೆ ಬಿಡುತ್ತಾನೆ. ಹೊಂಡದಲ್ಲೂ ಹಿಡಿಸದಾದಾಗ ಸಮುದ್ರಕ್ಕೆ ಒಯ್ಯುತ್ತಾನೆ. ಪ್ರಳಯ ಬಂದಾಗ ಮನು ದೋಣಿಯ ಹಗ್ಗವನ್ನು ಮೀನಿನ ಕೊಂಬಿಗೆ ಕಟ್ಟುತ್ತಾನೆ, ಮೀನು ಉತ್ತರದ ಬೆಟ್ಟಕ್ಕೆ ಎಳೆದುಕೊಂಡು ಹೋಗುತ್ತದೆ. ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳುವಾಗ ನನಗೆ ಮೀನಿನ ಮೇಲೇ ಕಣ್ಣು. ಇವತ್ತು ಹೊಳೆದದ್ದು ಬೇರೆ: ಮೀನು ಎಷ್ಟು ಬೆಳೆಯಿತೆಂದು ಕಥೆ ಹೆಜ್ಜೆ ಹೆಜ್ಜೆಗೂ ಹೇಳುತ್ತದೆ, ದೋಣಿ ಎಷ್ಟು ಉದ್ದ ಎಂದು ಒಂದು ಮಾತೂ ಹೇಳುವುದಿಲ್ಲ. ಒಬ್ಬ ಮನುಷ್ಯ ಕಟ್ಟಬಲ್ಲಷ್ಟು, ಒಬ್ಬ ಮನುಷ್ಯ ಹಗ್ಗ ಬಿಗಿಯಬಲ್ಲಷ್ಟು ಇತ್ತೆಂದು ನಾನು ನಂಬುತ್ತೇನೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ನೌಕಾಪಡೆಯ ತಾರಿಣಿ 56 ಅಡಿಯದು. 2017-18ರಲ್ಲಿ ಆರು ಮಂದಿ ಹೆಣ್ಣುಮಕ್ಕಳು ಅದರಲ್ಲಿ ಭೂಮಿ ಸುತ್ತಿದರು. 2024ರ ಅಕ್ಟೋಬರ್ 2ರಂದು ಅದೇ ದೋಣಿಯಲ್ಲಿ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ಗೋವಾದಿಂದ ಹೊರಟು 2025ರ ಮೇ ಕೊನೆಯಲ್ಲಿ ಮರಳಿದರು. ಇಬ್ಬರು, 56 ಅಡಿ! ಅವರಿಗೆ ಕೈ ಎತ್ತಿ ಮುಗಿಯಬೇಕು. ಆದರೆ ಅವರ ಹಿಂದೆ ವರ್ಷಗಳ ತರಬೇತಿ ಇತ್ತು, ದೋಣಿಯ ಹಿಂದೆ ಒಂದು ಇಡೀ ನೌಕಾಪಡೆ ಇತ್ತು. ವಾರವಿಡೀ ಆಫೀಸಿಗೆ ಹೋಗಿ ಶನಿವಾರ ದೋಣಿಯ ಬಳಿ ಓಡುವ ಗಂಡಹೆಂಡಿರ ಹಿಂದೆ ಯಾರೂ ಇಲ್ಲ.

ಹುಡುಗನಿಗೆ ಇನ್ನೊಂದು ಮಾತನ್ನೂ ಬರೆದೆ. ಸರ್ವೆಯರ್ ಇಲ್ಲದೆ ದುಡ್ಡು ಕೊಡಬೇಡ. ಅವನು ಸಣ್ಣ ಸುತ್ತಿಗೆ ಹಿಡಿದು ಫೈಬರ್ ಮೈಯನ್ನು ಗೇಣುಗೇಣಿಗೂ ತಟ್ಟುತ್ತಾನೆ, ನಾವು ಹಲಸಿನಹಣ್ಣು ತಟ್ಟಿ ಕಿವಿಗೊಡುವ ಹಾಗೆ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ. ಪದರ ಬಿಟ್ಟ ಕಡೆ, ಒಳಗಿನ ಮರ ನೀರು ಕುಡಿದ ಕಡೆ ಸದ್ದು ಸತ್ತುಹೋಗುತ್ತದೆ. ನೀರಿನ ಕೆಳಗಿನ ಮೈಯಲ್ಲಿ ಗುಳ್ಳೆ ಎದ್ದಿವೆಯೋ, ಕೀಲನ್ನು ಹಿಡಿದ ಬೋಲ್ಟುಗಳು ತುಕ್ಕು ಹಿಡಿದಿವೆಯೋ, ಕೂವೆಮರವನ್ನು ನಿಲ್ಲಿಸಿದ ತಂತಿಗಳನ್ನು ಕಡೆಯ ಸಲ ಯಾವಾಗ ಬದಲಿಸಿದರು, ಇವು ಉದ್ದಕ್ಕಿಂತ ದೊಡ್ಡ ಪ್ರಶ್ನೆಗಳು. ಚೆನ್ನಾಗಿ ನೋಡಿಕೊಂಡ 36 ಅಡಿಯದು ಕೈಬಿಟ್ಟ 32 ಅಡಿಯದಕ್ಕಿಂತ ನೂರು ಪಾಲು ಮೇಲು. ಎರಡೂ ಸಮ ಸಮ ಬಂದರೆ ಸಣ್ಣದನ್ನು ತಗೋ. ಗಾಳಿ ತಿರುಗಿದ ರಾತ್ರಿ ನಿನ್ನ ಹೆಂಡತಿ ಒಬ್ಬಳೇ ಎದ್ದು ಹಾಯಿ ಇಳಿಸಬಲ್ಲಷ್ಟಿರಲಿ, ನಾಲ್ಕು ಜನ ಚಹಾಕ್ಕೆ ಬರುವ ದಿನದ ಲೆಕ್ಕ ಹಾಕಬೇಡ ಎಂದು ಬರೆದೆ.

‘ಒಂದು ದಿನ ಇದರಲ್ಲೇ ಮಂಗಳೂರಿಗೆ ಬರ್ತೀವಿ’ ಎಂದು ಉತ್ತರ ಬಂತು. ಮಂಗಳೂರು ಎಂದ ಕೂಡಲೇ ಮನಸ್ಸು ಕಾಫಿಗೆ ಓಡಿತು. ಈ ಭಾಗದ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಹಾಯಿಹಡಗು ಏರಿದ್ದು ಅಲ್ಲೇ. ಆಫ್ರಿಕಾದ ತುದಿ ಬಳಸಿ ಯೂರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಹಡಗಿನ ಹೊಟ್ಟೆಯಲ್ಲಿ ಸಮುದ್ರದ ತೇವ ಕುಡಿದ ಹಸಿರು ಬೀಜ ಉಬ್ಬಿ, ಬಂಗಾರದ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು, ದಾರಿ ಕಿರಿದಾದಾಗ ಕಾಫಿ ಹಸಿರಾಗಿಯೇ ಹೋಗಿ ಮುಟ್ಟತೊಡಗಿತು. ಹಳೇ ರುಚಿ ಎಲ್ಲಿ ಎಂದು ಕೇಳಿದರು. ಆಗ ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಾಯಿಹಡಗಿನ ಪ್ರಯಾಣವನ್ನು ನೆಲದ ಮೇಲೇ ಮಾಡಿಸುವುದನ್ನು ಕಲಿತರು. ಮುಂಗಾರಿನ ಗಾಳಿಗೆ ತೆರೆದ ಗೋದಾಮಿನಲ್ಲಿ ಬೀಜ ಹರಡುತ್ತಾರೆ, ಕೈಯಾಡಿಸುತ್ತಾರೆ, ಸಡಿಲ ಚೀಲಕ್ಕೆ ತುಂಬಿ ಗಾಳಿಯಾಡುವಂತೆ ಪೇರಿಸುತ್ತಾರೆ, ಮತ್ತೆ ಸುರಿಯುತ್ತಾರೆ. ಮೂರು ನಾಲ್ಕು ತಿಂಗಳ ಕೆಲಸ. ಮಾನ್ಸೂನ್ಡ್ ಮಲಬಾರ್ ಎಂದು ಜಗತ್ತಿನಲ್ಲೆಲ್ಲ ಮಾರುವುದು ಇದೇ ಕಾಫಿ.

ನಮ್ಮ ಕಡೆ ಕಾಫಿ ಬೆಳೆಯುವ ಎಷ್ಟೋ ಜನ ಇದನ್ನು ಒಮ್ಮೆಯೂ ಕುಡಿದಿಲ್ಲ. ಜುಲೈ ಆಗಸ್ಟಿನಲ್ಲಿ ಮಂಗಳೂರಿನ ಕಡೆ ಹೋಗುವವರು ದಯವಿಟ್ಟು ಯಾವುದಾದರೂ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅನುಮತಿ ಕೇಳಿ ಒಳಗೆ ಹೋಗಿ ನೋಡಿ, ಬರುವಾಗ ಕಾಲು ಕಿಲೋ ಪುಡಿ ತನ್ನಿ.