ಆದಷ್ಟು ಮಟ್ಟಿಗೆ

ಸಿರುಗುಪ್ಪದ ಕಡೆಯವರು ಈಸು ಕಲಿಯೋದು ಕಾಲುವೆಯಲ್ಲಿ, ಇಲ್ಲಾಂದ್ರೆ ಹೊಳೆಯಲ್ಲಿ. ನಾನು ಕಲಿತದ್ದು ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಬೇಸಿಗೆಯಲ್ಲಿ ಹೊರಟರೆ ಅಜ್ಜಿ, "ನೀರಿನ ಬಣ್ಣ ನೋಡಿ ಇಳೀರಪಾ" ಅಂತಿದ್ದಳು.

ಆ ಮಾತು ನೆನಪಾಗಿದ್ದು ಹರಿಹರದ ಕಥೆ ಓದುವಾಗ. (ಅಜ್ಜಿಯ ಮಾತಿಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ, ನಡುವೆ ಅಷ್ಟು ದೊಡ್ಡ ಡ್ಯಾಮಿದೆ.) ಡ್ಯಾಮಿಗಿಂತ ಮೇಲೆ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರದಿಂದ ರೇಯಾನ್‌ಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಅದರ ಹೊಲಸು ನೀರು ಹೊಳೆಗೆ. ಕೆಳಗಿನ ನಲವಾಗಲ, ಐರಣಿ ಕಡೆಯ ಜನ ಅದೇ ಹೊಳೆಯಲ್ಲಿ ಮೀಯಬೇಕು, ದನಗಳಿಗೂ ಅದೇ ನೀರು. ಕಂದು ನೀರು, ನಾತ, ಮಿಂದರೆ ಮೈ ತುರಿಕೆ. 1984ರಲ್ಲಿ ಮೀನು ಸತ್ತು ತೇಲಿದವು. ಆ ವರ್ಷ ಗಾಂಧಿ ಜಯಂತಿಯ ದಿನ ಜನ ಕಾರ್ಖಾನೆಯ ಮುಂದೆ ಸೇರಿದರು. ಮುಂದೆ ನಿಂತದ್ದು ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ. ಅವರೂ ಎಂಜಿನಿಯರಿಂಗ್ ಓದಿದವರೇ, ಅಮೆರಿಕದ ಕೆಲಸ ಬಿಟ್ಟು 1979ರಲ್ಲಿ ಮರಳಿದವರು. ನಮ್ಮ ಟೀಮಿನಲ್ಲಿ ಎಲ್ಲರೂ ಉಲ್ಟಾ ದಿಕ್ಕಿಗೆ ವೀಸಾ ಕಾಯ್ತಿದ್ದಾರೆ :)

ನನಗೆ ಕುತೂಹಲ ಹುಟ್ಟಿಸಿದ್ದು ಆ ಬಣ್ಣ. ಮರದ ಲಿಗ್ನಿನ್‌ನಿಂದ ಬರುವ ಬಣ್ಣ ಅದು, ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ಜೀರ್ಣ ಆಗಲ್ಲ. ಹಾಗಾಗಿ ಶುದ್ಧೀಕರಿಸಿದ ನೀರು ಬಿಓಡಿ ಪರೀಕ್ಷೆ ಪಾಸಾಗಿಯೂ ಚಹಾದ ಹಾಗೇ ಕಾಣಬಹುದು! ನಮ್ಮ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ನದಿಗೆ ಬಿಡುವ ನೀರಿನ ಬಿಓಡಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಬಣ್ಣ, ವಾಸನೆಗೆ ಅಂಕಿಯೇ ಇಲ್ಲ. ಅವನ್ನು ಸಾಧ್ಯವಾದಷ್ಟು ಮಟ್ಟಿಗೆ ತೆಗೆಯಲು ಪ್ರಯತ್ನಿಸಬೇಕು ಅನ್ನುವ ಅರ್ಥದ ಒಂದು ಸಾಲು, ಅಷ್ಟೇ.

ಸಾಫ್ಟ್‌ವೇರ್‌ನವರಿಗೆ ಈ ಸಾಲು ಗೊತ್ತು. ರಿಕ್ವೈರ್‌ಮೆಂಟಿನಲ್ಲಿ "ಆದಷ್ಟು ಮಟ್ಟಿಗೆ" ಅಂತಿದ್ದರೆ ಅದಕ್ಕೆ ಯಾರೂ ಟೆಸ್ಟ್ ಕೇಸ್ ಬರೆಯಲ್ಲ. ಹೊಳೆಯಲ್ಲಿ ಆ ಟೆಸ್ಟಿಂಗ್ ಮಾಡೋದು ಮೀಯುವವರ ಚರ್ಮ.

ಈಗ ಮಾವನ ಊರಲ್ಲಿ ಮಳೆ ನೀರಿನ ಚರಂಡಿಯನ್ನು ಹುಡುಗರು ಈಸು ಬೀಳುವ ಕಡೆಗೇ ತಿರುಗಿಸುವ ಮಾತು ನಡೆದಿದೆ. ಊರವರು ಬೇಡ ಅಂತಿದ್ದಾರೆ. ಬರೀ ಮಳೆ ನೀರು ತಾನೇ ಅಂತ ಸಮಾಧಾನ ಹೇಳಿದವರಿಗೆ ಮಾವ ಕೇಳಿದ್ದು ಇಷ್ಟೇ: "ನಮ್ಮ ಕಡೆ ಎಂಟು ತಿಂಗಳು ಮಳಿನ ಇರಂಗಿಲ್ಲ. ಆಗ ಅದ್ರಾಗ ಹರಿಯೋದು ಏನ್ರೀ?"